ಬಹುಬ್ಯಾಂಡ್ ಶಾರ್ಟ್‌ವೇವ್ ರೇಡಿಯೋ ಬಳಸುವ ಬಗೆ: ಹೊತ್ತು ನೋಡಿ ಬ್ಯಾಂಡ್ ಆರಿಸುವುದರಿಂದ ಏರಿಯಲ್ ಕಟ್ಟುವವರೆಗೆ

ದೂರದ ದೇಶಗಳ ನಿಲಯಗಳನ್ನೂ ಹಿಡಿಯಬಲ್ಲ ಶಾರ್ಟ್‌ವೇವ್ ರೇಡಿಯೋವನ್ನು ಹೊಸದಾಗಿ ತಂದವರಲ್ಲಿ ಹಲವರು ಬೆಳಗ್ಗೆ ಹನ್ನೊಂದು ಗಂಟೆಗೆ ಪಡಸಾಲೆಯಲ್ಲಿ ಕುಳಿತು, ಏರಿಯಲ್ ಎಳೆದು, ತಾನಾಗಿ ಸ್ಟೇಷನ್ ಹುಡುಕುವ ಗುಂಡಿಯನ್ನು ಒತ್ತುತ್ತಾರೆ. ಸೆಟ್ ಈ ತುದಿಯಿಂದ ಆ ತುದಿಯವರೆಗೆ ಓಡಿ ಎರಡೋ ಮೂರೋ ಕಡೆ ನಿಲ್ಲುತ್ತದೆ; ಅಲ್ಲಿಯೂ ಗುಯ್‌ಗುಡುವ ಸದ್ದಲ್ಲದೆ ಬೇರೇನೂ ಕೇಳಿಸುವುದಿಲ್ಲ. ಶಾರ್ಟ್‌ವೇವ್ ಪ್ರಸಾರವೇ ನಿಂತುಹೋಗಿದೆ ಎಂದೋ, ಸೆಟ್ ಕೆಟ್ಟಿದೆ ಎಂದೋ ತೀರ್ಮಾನಿಸಿ ಅದನ್ನು ಕಪಾಟಿನೊಳಗೆ ಇಟ್ಟುಬಿಡುತ್ತಾರೆ. ಹಲವು ನಿಲಯಗಳು ಮುಚ್ಚಿರುವುದು ನಿಜ; ಬಿಬಿಸಿಯ ಹಿಂದಿ ಸೇವೆ 2020ರ ಜನವರಿ 31ರಂದು ಶಾರ್ಟ್‌ವೇವ್ ಪ್ರಸಾರವನ್ನು ನಿಲ್ಲಿಸಿತು. ಆದರೂ ಅದೇ ಸೆಟ್ಟನ್ನು ಸಂಜೆ ಏಳು ಗಂಟೆಗೆ ಮಹಡಿಯ ಮೇಲೆ ತೆಗೆದುಕೊಂಡು ಹೋದರೆ, ಒಂದೇ ಬ್ಯಾಂಡಿನಲ್ಲಿ ಹತ್ತಾರು ಪ್ರಸಾರಗಳು ಸಿಗುತ್ತವೆ. ಶಾರ್ಟ್‌ವೇವ್ ಕೇಳುವುದರಲ್ಲಿ ಗುಂಡಿ ತಿರುಗಿಸುವ ಕೆಲಸ ಅರ್ಧ ಮಾತ್ರ. ಯಾವ ಹೊತ್ತಿನಲ್ಲಿ, ಯಾವ ಬ್ಯಾಂಡಿನಲ್ಲಿ, ಯಾವ ಜಾಗದಲ್ಲಿ ಕುಳಿತು ಕೇಳಬೇಕು ಎಂಬ ತಿಳಿವಳಿಕೆ ಉಳಿದರ್ಧ. ಈ ಬರಹದಲ್ಲಿ ಎರಡನ್ನೂ ಕ್ರಮವಾಗಿ ವಿವರಿಸಲಾಗಿದೆ.

ಮೊದಲು ನಿಮ್ಮ ಸೆಟ್ ಯಾವ ಬಗೆಯದೆಂದು ತಿಳಿಯಿರಿ

ಕೈಯಲ್ಲಿ ಹಿಡಿದೊಯ್ಯಬಹುದಾದ ಬಹುಬ್ಯಾಂಡ್ ಸೆಟ್‌ಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಮುಳ್ಳು ಮತ್ತು ಅಂಕಿಪಟ್ಟಿ ಇರುವ ಹಳೆಯ ಮಾದರಿ. ಇದರಲ್ಲಿ ಶಾರ್ಟ್‌ವೇವನ್ನು ಎಸ್‌ಡಬ್ಲ್ಯು 1, ಎಸ್‌ಡಬ್ಲ್ಯು 2 ಎಂದು ಹಲವು ತುಂಡುಗಳಾಗಿ ಒಡೆದು ಒಂದು ಸ್ವಿಚ್ಚಿನಿಂದ ಆರಿಸುವ ವ್ಯವಸ್ಥೆ ಇರುತ್ತದೆ. ಎರಡನೆಯದು ಕಂಪನಾಂಕವನ್ನು (ಫ್ರೀಕ್ವೆನ್ಸಿ) ಅಂಕಿಗಳಲ್ಲಿ ತೋರಿಸುವ ಡಿಜಿಟಲ್ ಮಾದರಿ. ಟೆಕ್ಸನ್ ಕಂಪನಿಯ ಪಿಎಲ್-330, ಪಿಎಲ್-660, ಸೋನಿಯ ಐಸಿಎಫ್-ಎಸ್‌ಡಬ್ಲ್ಯು 7600ಜಿಆರ್ ಈ ಬಗೆಯವು. ಹೊಸಬರಿಗೆ ಡಿಜಿಟಲ್ ಸೆಟ್ಟೇ ಮೇಲೆಂಬುದು ನನ್ನ ಅನುಭವ. 9,690 ಕಿಲೋಹರ್ಟ್ಸ್ ಎಂದು ಗೊತ್ತಿದ್ದರೆ ಅಷ್ಟನ್ನೇ ಒತ್ತಿ ನೇರವಾಗಿ ಅಲ್ಲಿಗೆ ಹೋಗಬಹುದು. ಮುಳ್ಳಿನ ಸೆಟ್ಟಿನಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ಮೂರು ನಿಲಯಗಳು ಒತ್ತೊತ್ತಾಗಿ ಕುಳಿತಿರುತ್ತವೆ.

ಮುಳ್ಳಿನ ಸೆಟ್ ಇರುವವರು ಒಂದು ವಿಷಯವನ್ನು ತಿಳಿದಿರಬೇಕು. ಅಗ್ಗದ ಸೆಟ್‌ಗಳು ಒಳಬರುವ ಸಂಕೇತವನ್ನು ಒಂದೇ ಬಾರಿ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಳ್ಳುತ್ತವೆ. ಇದರಿಂದ ಬಲವಾದ ನಿಲಯವೊಂದು ತನ್ನ ನಿಜವಾದ ಸ್ಥಾನದಲ್ಲಿ ಕೇಳುವುದಲ್ಲದೆ, 455ರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೂ ಸಾಮಾನ್ಯವಾಗಿ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. 9,900ರ ನಿಲಯ 8,990ರ ಬಳಿಯೂ ಸಿಕ್ಕಿದರೆ ಅದು ಹೊಸ ನಿಲಯವಲ್ಲ, ಮೊದಲಿನದರ ನೆರಳು. ಪ್ರಸಾರ ಬ್ಯಾಂಡುಗಳ ಹೊರಗೆ ಪರಿಚಿತ ದನಿಯೊಂದು ಕೇಳಿದರೆ ಈ ಲೆಕ್ಕ ಹಾಕಿ ನೋಡಿ.

ವಿದ್ಯುತ್ ಮತ್ತು ಆರಂಭದ ಹೊಂದಾಣಿಕೆಗಳು

ಶಾರ್ಟ್‌ವೇವ್ ಕೇಳುವಾಗ ಸೆಟ್ ಬ್ಯಾಟರಿಯ ಮೇಲೆಯೇ ನಡೆಯಲಿ. ಗೋಡೆಗೆ ಚುಚ್ಚುವ ಚಾರ್ಜರ್‌ಗಳಲ್ಲಿ ಬಹುಪಾಲು ಶಾರ್ಟ್‌ವೇವ್ ಬ್ಯಾಂಡುಗಳ ಮೇಲೆ ಗದ್ದಲ ಚೆಲ್ಲುತ್ತವೆ. ಮಾಮೂಲಿ ಪೆನ್ಸಿಲ್ ಸೆಲ್ ಹಾಕುವ ಸೆಟ್‌ಗಳಲ್ಲಿ ಚಾರ್ಜ್ ಮಾಡಬಲ್ಲ ಸೆಲ್ಲೋ ಸಾದಾ ಸೆಲ್ಲೋ ಎಂದು ಆರಿಸುವ ವ್ಯವಸ್ಥೆ ಇದ್ದರೆ ಅದನ್ನು ಮೊದಲೇ ಸರಿಪಡಿಸಿ. ಸಾದಾ ಸೆಲ್ ಹಾಕಿ ಚಾರ್ಜಿಗೆ ಇಟ್ಟರೆ ಅದು ಸೋರಿ ಸೆಟ್ಟಿನ ಒಳಭಾಗವನ್ನು ತಿನ್ನುತ್ತದೆ, ಒಡೆಯಲೂಬಹುದು.

ಗಡಿಯಾರವನ್ನು ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಹೊಂದಿಸಿ. ಜಗತ್ತಿನ ಬಹುತೇಕ ಶಾರ್ಟ್‌ವೇವ್ ವೇಳಾಪಟ್ಟಿಗಳು ಈ ಸಮಯದಲ್ಲೇ ಇರುತ್ತವೆ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದರೆ ಯುಟಿಸಿ ಸಿಗುತ್ತದೆ: ನಮ್ಮ ಸಂಜೆ 6.30 ಎಂದರೆ ಅಲ್ಲಿ 1300, ಅಂದರೆ ಮಧ್ಯಾಹ್ನ ಒಂದು ಗಂಟೆ. ಬೆಳಗಿನ ಜಾವ ಕೇಳುವವರು ದಿನಾಂಕವನ್ನೂ ಗಮನಿಸಬೇಕು; ನಮ್ಮಲ್ಲಿ ಬೆಳಗ್ಗೆ 5.30 ಆಗುವವರೆಗೆ ಯುಟಿಸಿಯಲ್ಲಿ ಹಿಂದಿನ ದಿನವೇ ನಡೆಯುತ್ತಿರುತ್ತದೆ.

ಮೀಡಿಯಂ ವೇವ್‌ನ ಹೆಜ್ಜೆಯನ್ನು, ಅಂದರೆ ಸೆಟ್ ಒಂದು ಸಲಕ್ಕೆ ಜಿಗಿಯುವ ಅಂತರವನ್ನು, 9 ಕಿಲೋಹರ್ಟ್ಸ್‌ಗೆ ಇಡಿ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸೆಟ್‌ಗಳು 10ರ ಹೆಜ್ಜೆಯಲ್ಲಿ ಬರುತ್ತವೆ. ಆಕಾಶವಾಣಿಯ ಮೀಡಿಯಂ ವೇವ್ ಅಂಕಿಗಳನ್ನು ನೋಡಿ: ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಎಲ್ಲವೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಹತ್ತರ ಹೆಜ್ಜೆಯಲ್ಲಿ ಹುಡುಕುವ ಸೆಟ್ 610ರಿಂದ 620ಕ್ಕೆ ಜಿಗಿದು ಬೆಂಗಳೂರನ್ನು ದಾಟಿಹೋಗುತ್ತದೆ. ವಿದೇಶದಿಂದ ನೆಂಟರು ತಂದುಕೊಟ್ಟ ಸೆಟ್ಟಿನಲ್ಲಿ ಮೀಡಿಯಂ ವೇವ್ ಸರಿಯಾಗಿ ಹಿಡಿಯುವುದಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಹೊತ್ತು ಮತ್ತು ಬ್ಯಾಂಡ್

ಇದು ಇಡೀ ವಿಷಯದ ತಿರುಳಾದುದರಿಂದ ಇಲ್ಲಿ ತುಸು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಶಾರ್ಟ್‌ವೇವ್ ತರಂಗಗಳು ದೂರ ಹೋಗುವುದು ಭೂಮಿಯಿಂದ ಸುಮಾರು 60 ಕಿಲೋಮೀಟರ್ ಎತ್ತರದಿಂದ ಆರಂಭವಾಗುವ ಅಯಾನುಗೋಳದ ದೆಸೆಯಿಂದ. ಸೂರ್ಯನ ಕಿರಣಗಳು ಅಲ್ಲಿನ ಅನಿಲದ ಕಣಗಳನ್ನು ವಿದ್ಯುದಾವಿಷ್ಟಗೊಳಿಸುತ್ತವೆ. 200 ಕಿಲೋಮೀಟರ್‌ಗಿಂತ ಮೇಲಿರುವ ಎಫ್ ಪದರ ತರಂಗಗಳನ್ನು ಬಾಗಿಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಅವು ನೆಲಕ್ಕೆ ಬಡಿದು ಮತ್ತೊಮ್ಮೆ ಮೇಲೇರಿ, ಹೀಗೆ ನೆಗೆಯುತ್ತ ನೆಗೆಯುತ್ತ ಖಂಡಗಳನ್ನು ದಾಟುತ್ತವೆ. ಆದರೆ ಹಗಲು ಹೊತ್ತಿನಲ್ಲಿ ಇದಕ್ಕಿಂತ ಬಹಳ ಕೆಳಗೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಡಿ ಪದರ ರೂಪುಗೊಂಡು ಕಡಿಮೆ ಕಂಪನಾಂಕದ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಈ ಪದರ ಕರಗುತ್ತದೆ. ಅದಕ್ಕಾಗಿಯೇ ಹಗಲಿಗೆ ಹೆಚ್ಚಿನ ಕಂಪನಾಂಕ, ಇರುಳಿಗೆ ಕಡಿಮೆ ಕಂಪನಾಂಕ ಎಂಬುದು ಶಾರ್ಟ್‌ವೇವ್ ಕೇಳುಗರ ಮೂಲ ನಿಯಮ.

ಪ್ರಸಾರ ನಿಲಯಗಳು ಶಾರ್ಟ್‌ವೇವ್‌ನ ಉದ್ದಕ್ಕೂ ಹರಡಿಕೊಂಡಿಲ್ಲ. ಕೆಲವು ಗೊತ್ತಾದ ತುಂಡುಗಳಲ್ಲಿ ಗುಂಪಾಗಿ ಇರುತ್ತವೆ. ಅವುಗಳನ್ನು ಮೀಟರ್ ಲೆಕ್ಕದಲ್ಲಿ ಕರೆಯುವುದು ವಾಡಿಕೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ನಮಗೆ ಹೆಚ್ಚು ಕೆಲಸಕ್ಕೆ ಬರುವ ಬ್ಯಾಂಡುಗಳು, ಕಿಲೋಹರ್ಟ್ಸ್‌ಗಳಲ್ಲಿ, ಹೀಗಿವೆ:

49 ಮೀಟರ್: 5,900ರಿಂದ 6,200
41 ಮೀಟರ್: 7,200ರಿಂದ 7,450
31 ಮೀಟರ್: 9,400ರಿಂದ 9,900
25 ಮೀಟರ್: 11,600ರಿಂದ 12,100
22 ಮೀಟರ್: 13,570ರಿಂದ 13,870
19 ಮೀಟರ್: 15,100ರಿಂದ 15,800
16 ಮೀಟರ್: 17,480ರಿಂದ 17,900

ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಸೆಟ್ಟಿನ ಬೆನ್ನಿಗೆ ಅಂಟಿಸಿಕೊಳ್ಳಿ. ನಿಲಯಗಳು ಅಲ್ಪಸ್ವಲ್ಪ ಹೊರಚಾಚುವುದುಂಟು. ಕರ್ನಾಟಕದಲ್ಲಿ ಕುಳಿತು ಕೇಳುವವರು ಸೂರ್ಯೋದಯಕ್ಕೆ ಮೊದಲು 49, 41 ಮತ್ತು 31 ಮೀಟರ್‌ಗಳಲ್ಲಿ ಆರಂಭಿಸಬಹುದು. ಬಿಸಿಲೇರಿದಂತೆ 25, 22, 19ರ ಕಡೆ ಸರಿಯಬೇಕು. ನಡುಹಗಲಿನಲ್ಲಿ 19 ಮತ್ತು 16 ಮೀಟರ್ ಬಿಟ್ಟರೆ ಉಳಿದೆಡೆ ಹೆಚ್ಚು ಸಿಗದು. ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗಿನ ಹೊತ್ತು ಎಲ್ಲಕ್ಕಿಂತ ಫಲವತ್ತಾದದ್ದು. ಏಷ್ಯಾದ ಕೇಳುಗರಿಗಾಗಿ ಹಲವು ದೇಶಗಳು ಆಗಲೇ ಪ್ರಸಾರ ಮಾಡುತ್ತವೆ. 31 ಮತ್ತು 25 ಮೀಟರ್ ಬ್ಯಾಂಡುಗಳು ಕಿಕ್ಕಿರಿದಿರುತ್ತವೆ. ಮೊದಲ ವಾರ ಬೇರೆಲ್ಲವನ್ನೂ ಬಿಟ್ಟು, ಸಂಜೆ ಒಂದು ಗಂಟೆ ಕಾಲ 31 ಮೀಟರ್ ಒಂದರಲ್ಲೇ ಅಭ್ಯಾಸ ಮಾಡಬೇಕೆಂಬುದು ನನ್ನ ಒತ್ತಾಯದ ಸಲಹೆ.

ಸೂರ್ಯನ ಕಲೆಗಳ ಸುಮಾರು ಹನ್ನೊಂದು ವರ್ಷಗಳ ಚಕ್ರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಈಗಿನ ಇಪ್ಪತ್ತೈದನೆಯ ಚಕ್ರ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ 16 ಮೀಟರ್ ಮತ್ತು ಕಂಪನಾಂಕದಲ್ಲಿ ಅದಕ್ಕೂ ಮೇಲಿನ 13 ಮೀಟರ್ ಚೆನ್ನಾಗಿ ತೆರೆದುಕೊಳ್ಳುತ್ತವೆ. ಕಡಿಮೆಯಾದಾಗ ಅವು ಬಹುತೇಕ ಮೌನವಾಗುತ್ತವೆ. ಸೂರ್ಯನಲ್ಲಿ ದೊಡ್ಡ ಸ್ಫೋಟವಾದ ಹಗಲು, ಕೆಲವೇ ನಿಮಿಷಗಳಲ್ಲಿ ಇಡೀ ಶಾರ್ಟ್‌ವೇವ್ ಅಡಗಿಹೋಗಿ ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಮರಳಬಹುದು. ಆಗ ಸೆಟ್ಟನ್ನು ಬಿಚ್ಚಲು ಹೋಗಬೇಡಿ.

ಮೊದಲ ಸಂಜೆ: ಹಂತ ಹಂತವಾಗಿ

ಸೆಟ್ಟನ್ನು ಕಿಟಕಿಯ ಬಳಿ, ಸಾಧ್ಯವಾದರೆ ಮಹಡಿ ಅಥವಾ ಅಂಗಳಕ್ಕೆ ಒಯ್ಯಿರಿ. ಏರಿಯಲ್ಲನ್ನು ಪೂರ್ತಿ ಎಳೆಯಿರಿ. ಸೂಕ್ಷ್ಮತೆಯ ಸ್ವಿಚ್ ಇದ್ದರೆ ದೂರದ ನಿಲಯಗಳಿಗೆಂದು ಮೀಸಲಾದ ಡಿಎಕ್ಸ್ ಸ್ಥಾನದಲ್ಲಿಡಿ. ಲೋಕಲ್ ಸ್ಥಾನದಲ್ಲಿ ಸಂಕೇತ ಕುಗ್ಗುತ್ತದೆ.

ಸೆಟ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಅಂಕಿಗಳ ಗುಂಡಿಯಿಂದ 10,000 ಕಿಲೋಹರ್ಟ್ಸ್ ಒತ್ತಿ. ಕೆಲವು ಸೆಟ್‌ಗಳಲ್ಲಿ ಅಂಕಿಗಳಿಗೆ ಮೊದಲು ಕಂಪನಾಂಕದ ಗುಂಡಿಯನ್ನು ಒತ್ತಬೇಕಾಗುತ್ತದೆ. ಚೀನಾದ ಶಾಂಕ್ಸಿ ಪ್ರಾಂತ್ಯದಲ್ಲಿರುವ ಬಿಪಿಎಂ ಎಂಬ ಸಮಯ ನಿಲಯ 5,000, 10,000 ಮತ್ತು 15,000 ಕಿಲೋಹರ್ಟ್ಸ್‌ಗಳಲ್ಲಿ ಸೆಕೆಂಡಿಗೊಂದರಂತೆ ಟಿಕ್ ಟಿಕ್ ಎಂಬ ಸದ್ದನ್ನು ಬಿತ್ತರಿಸುತ್ತದೆ. ಅಮೆರಿಕದ ಡಬ್ಲ್ಯುಡಬ್ಲ್ಯುವಿ ನಿಲಯವೂ ಇದೇ ಅಂಕಿಗಳನ್ನು ಬಳಸುವುದರಿಂದ ಒಮ್ಮೊಮ್ಮೆ ಎರಡೂ ಬೆರೆತು ಕೇಳುತ್ತವೆ. ಇದರಲ್ಲಿ ಒಂದು ಕಡೆಯಾದರೂ ಟಿಕ್ ಸದ್ದು ಕೇಳಿದರೆ ಸೆಟ್ಟಿಗೂ ಏರಿಯಲ್ಲಿಗೂ ಏನೂ ತೊಂದರೆಯಿಲ್ಲ ಎಂದು ನಿಶ್ಚಿಂತರಾಗಬಹುದು. ಮೂರೂ ಸ್ಥಾನಗಳನ್ನು ಒತ್ತಿ ನೋಡಿದರೆ ಆ ಹೊತ್ತಿಗೆ ಯಾವ ಬ್ಯಾಂಡ್ ತೆರೆದಿದೆ ಎಂಬುದೂ ತಿಳಿಯುತ್ತದೆ.

ಬಳಿಕ 9,400 ಒತ್ತಿ, ಹೆಜ್ಜೆಯನ್ನು 5 ಕಿಲೋಹರ್ಟ್ಸ್‌ಗೆ ಇಟ್ಟು, 9,900ರವರೆಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ಹೋಗಿ. ಪ್ರಸಾರ ನಿಲಯಗಳು ಬಹುತೇಕ ಐದರ ಗುಣಕಗಳಲ್ಲೇ ಇರುತ್ತವೆ. ಪ್ರತಿ ಸ್ಥಾನದಲ್ಲಿ ಎರಡು ಮೂರು ಕ್ಷಣ ನಿಲ್ಲಿ. ಶಾರ್ಟ್‌ವೇವ್ ಸಂಕೇತ ಅಲೆಯಂತೆ ಏರಿಳಿಯುತ್ತದೆ. ನೀವು ಹೋದ ಕ್ಷಣದಲ್ಲಿ ತಗ್ಗಿದ್ದದ್ದು ಹತ್ತು ಸೆಕೆಂಡುಗಳಲ್ಲಿ ಸ್ಪಷ್ಟವಾಗಬಹುದು. ತಾನಾಗಿ ಹುಡುಕುವ ವ್ಯವಸ್ಥೆಗೆ ಈ ಸಹನೆ ಇರುವುದಿಲ್ಲವಾದ್ದರಿಂದ ಅದು ಬಲವಾದ ನಿಲಯಗಳನ್ನಷ್ಟೇ ಹಿಡಿದು ಕ್ಷೀಣವಾದವನ್ನು ದಾಟಿಹೋಗುತ್ತದೆ. ಕೆಲವು ಟೆಕ್ಸನ್ ಸೆಟ್‌ಗಳಲ್ಲಿರುವ ಇಟಿಎಂ ಎಂಬ ಹುಡುಕಾಟ ತಾನು ಕಂಡ ನಿಲಯಗಳನ್ನು ಪ್ರತ್ಯೇಕ ತಾತ್ಕಾಲಿಕ ಪಟ್ಟಿಯಲ್ಲಿ ಇಡುತ್ತದೆ. ನೀವಾಗಿ ಜೋಡಿಸಿದ ಮೆಮೊರಿ ಅಳಿಸಿಹೋಗುವುದಿಲ್ಲ. ಬ್ಯಾಂಡಿನ ಸ್ಥಿತಿಯನ್ನು ಒಂದು ನೋಟದಲ್ಲಿ ಅರಿಯಲು ಇದು ಒಳ್ಳೆಯದು. ಆದರೆ ಕಿವಿ ಪಳಗುವುದು ಕೈಯಿಂದ ತಿರುಗಿಸಿದಾಗಲೇ.

ನಿಲಯವೊಂದು ಸಿಕ್ಕಿದ ಮೇಲೆ ಅದರ ಎರಡೂ ಪಕ್ಕಕ್ಕೆ ಒಂದೊಂದು ಕಿಲೋಹರ್ಟ್ಸ್ ಸರಿಸಿ ನೋಡಿ. ನಟ್ಟನಡುವಿನಲ್ಲಿ ದನಿ ತುಂಬಿಕೊಂಡು ಕೇಳುತ್ತದೆ. ಪಕ್ಕಕ್ಕೆ ಸರಿದಾಗ ಸೀಳಿದಂತಾಗುತ್ತದೆ. ಆದರೂ ಒಂದು ಪಕ್ಕದಲ್ಲಿ ಬಲವಾದ ನೆರೆಯ ನಿಲಯ ಒತ್ತುತ್ತಿದ್ದರೆ, ಬೇಕೆಂದೇ ಅದರಿಂದ ದೂರಕ್ಕೆ ಒಂದು ಕಿಲೋಹರ್ಟ್ಸ್ ಸರಿದು ಕೇಳುವುದು ಹಳಬರೆಲ್ಲ ಬಳಸುವ ಉಪಾಯ. ಇಷ್ಟವಾದ ನಿಲಯವನ್ನು ಮೆಮೊರಿಗೆ ಸೇರಿಸಿ, ಗುಂಡಿಗಳು ಕೈತಗುಲಿ ಅದಲುಬದಲಾಗದಂತೆ ಲಾಕ್ ಹಾಕಿ.

ಅಡ್ಡಿ ಕಳೆಯುವ ಗುಂಡಿಗಳು

ಬ್ಯಾಂಡ್‌ವಿಡ್ತ್ ಎಂದು ಬರೆದಿರುವ ಗುಂಡಿ, ಸೆಟ್ ಒಂದೇ ಬಾರಿಗೆ ಎಷ್ಟು ಅಗಲದ ಕಿಂಡಿಯನ್ನು ತೆರೆಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಅಗಲ ಹೆಚ್ಚಿದ್ದರೆ ಸಂಗೀತ ಇಂಪಾಗಿ ಕೇಳುತ್ತದೆ, ಜೊತೆಗೆ ನೆರೆಯವರ ಸದ್ದೂ ನುಗ್ಗುತ್ತದೆ. ಅಗಲ ತಗ್ಗಿಸಿದರೆ ಮಾತು ತುಸು ಮೊಂಡಾದರೂ ಬಿಡಿಯಾಗಿ ತಿಳಿಯುತ್ತದೆ. ಕಿಕ್ಕಿರಿದ ಸಂಜೆಯಲ್ಲಿ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿಟ್ಟು, ಬ್ಯಾಂಡ್ ಖಾಲಿಯಾದಂತೆ ಅಗಲಿಸುವುದು ಒಳ್ಳೆಯ ರೂಢಿ.

ಸಿಂಕ್ ಎಂಬ ಗುಂಡಿ ಇದ್ದರೆ ನೀವು ಅದೃಷ್ಟವಂತರು. ದೂರದ ಸಂಕೇತ ಹಲವು ದಾರಿಗಳಲ್ಲಿ ಬರುವುದರಿಂದ ದನಿಯನ್ನು ಹೊತ್ತು ತರುವ ಅದರ ವಾಹಕ ತರಂಗ ಒಮ್ಮೊಮ್ಮೆ ಉಳಿದ ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ. ಆಗ ದನಿ ಹರಿದುಹೋದಂತೆ ಒರಟಾಗುತ್ತದೆ. ಸಿಂಕ್ ಒತ್ತಿದಾಗ ಸೆಟ್ ತನ್ನೊಳಗೇ ಒಂದು ಸ್ಥಿರವಾದ ವಾಹಕವನ್ನು ಹುಟ್ಟಿಸಿ ಅದನ್ನು ನಿಲಯದ ವಾಹಕಕ್ಕೆ ಹೊಂದಿಸಿಕೊಳ್ಳುತ್ತದೆ. ವಾಹಕದ ಎರಡೂ ಪಕ್ಕಗಳಲ್ಲಿ ಒಂದೇ ದನಿ ಇರುವುದರಿಂದ, ಮೇಲಿನ ಪಕ್ಕವನ್ನು ಕೇಳಬೇಕೋ ಕೆಳಗಿನ ಪಕ್ಕವನ್ನೋ ಎಂದು ಆರಿಸುವ ಅವಕಾಶವೂ ಇರುತ್ತದೆ. ನೆರೆಯ ನಿಲಯ ಮೇಲಿದ್ದರೆ ಕೆಳಗಿನ ಪಕ್ಕವನ್ನು ಆರಿಸಿ. ಸಂಕೇತ ತೀರ ಕ್ಷೀಣವಾಗಿದ್ದರೆ ಈ ಹೊಂದಿಕೆ ತಪ್ಪಿ ಸಿಳ್ಳೆ ಹೊಡೆದಂತಾಗುತ್ತದೆ. ಆಗ ಸಿಂಕ್ ತೆಗೆದುಬಿಡುವುದೇ ಲೇಸು.

ಎಲ್ಲ ಕಡೆ ಒಂದೇ ನಿಲಯ ಹಿನ್ನೆಲೆಯಲ್ಲಿ ಕೇಳುತ್ತಿದ್ದರೆ, ಅಥವಾ ಮೀಡಿಯಂ ವೇವ್‌ನ ಊರಿನ ನಿಲಯ ಶಾರ್ಟ್‌ವೇವ್‌ನಲ್ಲೂ ಇಣುಕುತ್ತಿದ್ದರೆ, ಸೆಟ್ಟಿಗೆ ಹೊರಲಾರದಷ್ಟು ಬಲದ ಸಂಕೇತ ಬರುತ್ತಿದೆ ಎಂದರ್ಥ. ಬೆಂಗಳೂರಿನ ಉತ್ತರ ಭಾಗದಲ್ಲಿ, ದೊಡ್ಡಬಳ್ಳಾಪುರದ ಕಡೆ ಇರುವವರಿಗೆ ಇದರ ಅನುಭವ ಹೆಚ್ಚು. ಆಕಾಶವಾಣಿಯ 500 ಕಿಲೋವ್ಯಾಟ್ ಶಕ್ತಿಯ ಶಾರ್ಟ್‌ವೇವ್ ಪ್ರೇಷಕಗಳು ಅದೇ ಸೀಮೆಯಲ್ಲಿವೆ. ಇಂತಲ್ಲಿ ಏರಿಯಲ್ಲನ್ನು ಅರ್ಧಕ್ಕೆ ಇಳಿಸಿ ಅಥವಾ ಸ್ವಿಚ್ಚನ್ನು ಲೋಕಲ್‌ಗೆ ತನ್ನಿ. ಏರಿಯಲ್ ಕುಗ್ಗಿಸಿದರೆ ಹೆಚ್ಚು ಸ್ಪಷ್ಟವಾಗಿ ಕೇಳುವುದು ಹೊಸಬರಿಗೆ ವಿಚಿತ್ರವೆನಿಸಬಹುದು, ಆದರೆ ಅದು ನಿಜ.

ಹತ್ತು ಕಿಲೋಹರ್ಟ್ಸ್ ಅಗಲಕ್ಕೆ ಒಂದೇ ಸಮನೆ ಜಲಪಾತದಂತೆ ಭೋರ್ಗರೆಯುವ ಸದ್ದು ಸಿಕ್ಕಿದರೆ, ಅದು ಬಹುಶಃ ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ. ಆಕಾಶವಾಣಿಯೂ ಇದನ್ನು ಬಳಸುತ್ತದೆ. ಸಾಮಾನ್ಯ ಸೆಟ್ ಅದನ್ನು ಬಿಡಿಸಲಾರದು.

ಎಸ್‌ಎಸ್‌ಬಿ: ಹ್ಯಾಮ್‌ಗಳ ಮಾತು ಕೇಳಲು

ಬಾತುಕೋಳಿ ಕೂಗಿದಂತೆ ಅರ್ಥವಾಗದ ಮಾತು ಕೇಳಿದರೆ ಅದು ಸಂಕೇತದ ಒಂದು ಪಕ್ಕವನ್ನಷ್ಟೇ ಕಳುಹಿಸುವ ಎಸ್‌ಎಸ್‌ಬಿ ವಿಧಾನದ ಸಂವಹನ. ರೇಡಿಯೋದಲ್ಲಿ ಪರಸ್ಪರ ಮಾತನಾಡುವ ಹ್ಯಾಮ್ ರೇಡಿಯೋ ಹವ್ಯಾಸಿಗಳು 7,000ರಿಂದ 7,200ರವರೆಗೆ ಕೆಳಪಕ್ಕವನ್ನೂ, 14,000ರಿಂದ 14,350ರವರೆಗೆ ಮೇಲ್ಪಕ್ಕವನ್ನೂ ಬಳಸುತ್ತಾರೆ. ಸೆಟ್ಟಿನಲ್ಲಿ ಎಲ್‌ಎಸ್‌ಬಿ (ಕೆಳಪಕ್ಕ) ಅಥವಾ ಯುಎಸ್‌ಬಿ (ಮೇಲ್ಪಕ್ಕ) ಆರಿಸಿ, ಮೊದಲು ಒಂದು ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಹತ್ತಿರ ಹೋಗಿ, ಬಳಿಕ ಸೂಕ್ಷ್ಮ ಗುಂಡಿಯನ್ನು ಬಹಳ ನಿಧಾನವಾಗಿ ತಿರುಗಿಸಿ. ಕೀರಲು ದನಿ ಇಳಿಯುತ್ತ ಇಳಿಯುತ್ತ ಒಂದು ಕಡೆ ಮನುಷ್ಯರ ಸಹಜ ಕಂಠವಾಗುತ್ತದೆ. ಅಲ್ಲಿ ನಿಲ್ಲಿಸಿ. ಭಾನುವಾರ ಬೆಳಗ್ಗೆ 7 ಮೆಗಾಹರ್ಟ್ಸ್‌ನಲ್ಲಿ ದಕ್ಷಿಣ ಭಾರತದ ಹವ್ಯಾಸಿಗಳು ಮಾತನಾಡುವುದನ್ನು ಕೇಳುತ್ತಿದ್ದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಇದೇ ವಿಧಾನದಲ್ಲಿ 6,676 ಮತ್ತು 11,387 ಕಿಲೋಹರ್ಟ್ಸ್‌ಗಳ ಮೇಲ್ಪಕ್ಕದಲ್ಲಿ ವಿಮಾನಗಳಿಗಾಗಿ ಹವಾಮಾನ ಓದುವ ವೋಲ್ಮೆಟ್ ಪ್ರಸಾರಗಳಿವೆ. ಮುಂಬೈ, ಕೋಲ್ಕತ್ತ, ಬ್ಯಾಂಕಾಕ್, ಸಿಂಗಪುರದಂತಹ ಕೇಂದ್ರಗಳು ಸರದಿಯಂತೆ ಬರುತ್ತವೆ. ಎಸ್‌ಎಸ್‌ಬಿ ಹೊಂದಿಸುವುದನ್ನು ಕಲಿಯಲು ಇವು ತಕ್ಕ ಪಾಠ, ಏಕೆಂದರೆ ಓದುವ ದನಿ ಒಂದೇ ಲಯದಲ್ಲಿ ನಡೆಯುತ್ತದೆ.

ಮನೆಯೊಳಗಿನ ಗದ್ದಲ

ಇಂದಿನ ಕೇಳುಗರಿಗೆ ಅತಿ ದೊಡ್ಡ ತೊಡಕು ಆಕಾಶದ್ದಲ್ಲ, ಮನೆಯದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯ ಅಡಾಪ್ಟರ್, ಇಂಡಕ್ಷನ್ ಒಲೆ, ಯುಪಿಎಸ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇವೆಲ್ಲ ಶಾರ್ಟ್‌ವೇವ್‌ಗೆ ಸದ್ದು ಬೆರೆಸುತ್ತವೆ. ನಮ್ಮ ಮನೆಯಲ್ಲಿ ಒಮ್ಮೆ ಇಡೀ 31 ಮೀಟರ್ ಬ್ಯಾಂಡ್ ತಿಂಗಳುಗಟ್ಟಲೆ ಗುಂಯ್‌ಗುಡುತ್ತಿತ್ತು. ಸೆಟ್ಟೇ ಹಾಳಾಯಿತೆಂದು ಮನಸ್ಸಿಗೆ ನೋವಾಗಿತ್ತು. ಒಂದು ಸಂಜೆ ಕರೆಂಟು ಹೋಯಿತು. ಬ್ಯಾಟರಿಯ ಮೇಲಿದ್ದ ರೇಡಿಯೋದಲ್ಲಿ ಆ ಗುಂಯ್ ಸದ್ದು ಥಟ್ಟನೆ ನಿಂತು, ಅದರಡಿಯಲ್ಲಿ ಅಷ್ಟು ದಿನ ಮುಚ್ಚಿಹೋಗಿದ್ದ ನಿಲಯಗಳು ಒಂದೊಂದಾಗಿ ಎದ್ದುಬಂದವು. ಆ ಇರುಳು ಕತ್ತಲೆಯಲ್ಲಿ ಕುಳಿತು ಕೇಳಿದಷ್ಟು ಸುಖವಾಗಿ ಮತ್ತೆಂದೂ ಕೇಳಿಲ್ಲ. ಬಳಿಕ ಹುಡುಕಿದಾಗ, ಇಂಟರ್‌ನೆಟ್ ಪೆಟ್ಟಿಗೆಯ ಪುಟ್ಟ ಅಡಾಪ್ಟರ್ ಕಾರಣವೆಂದು ತಿಳಿಯಿತು.

ನೀವೂ ಹೀಗೆಯೇ ಪರೀಕ್ಷಿಸಬಹುದು. ಸೆಟ್ಟನ್ನು ಬ್ಯಾಟರಿಯ ಮೇಲೆ ಇಟ್ಟು, ಗದ್ದಲ ಕೇಳುವ ಜಾಗದಲ್ಲಿ ನಿಲ್ಲಿಸಿ, ಮನೆಯ ಮೇನ್ ಸ್ವಿಚ್ಚನ್ನು ಆರಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಬೇಕು. ಸದ್ದು ನಿಂತರೆ ಕಾರಣ ನಿಮ್ಮ ಮನೆಯಲ್ಲೇ ಇದೆ. ಮತ್ತೆ ಹಾಕಿ, ಉಪಕರಣಗಳ ಪ್ಲಗ್ಗನ್ನು ಒಂದೊಂದಾಗಿ ಕಿತ್ತು ನೋಡಿ. ಸ್ವಿಚ್ ಆರಿಸಿದರೂ ಸದ್ದು ನಿಲ್ಲದಿದ್ದರೆ ಅದು ನೆರೆಮನೆಯದೋ ಬೀದಿಯ ವಿದ್ಯುತ್ ಕಂಬದ್ದೋ ಆಗಿರುತ್ತದೆ. ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಇರುವವರಿಗೆ ಇನ್ನೊಂದು ಸದ್ದು ಪರಿಚಿತ: ಸುಮಾರು ಸೆಕೆಂಡಿಗೊಮ್ಮೆ ಟಪ್ ಎನ್ನುವುದು. ಅದು ಕಾಡುಪ್ರಾಣಿ ತಡೆಯಲು ಹಾಕಿದ ಸೋಲಾರ್ ಬೇಲಿಯದು. ತಂತಿಗೆ ಬಳ್ಳಿ ಹಬ್ಬಿ ಕಿಡಿ ಹಾರುವಲ್ಲಿ ಅದು ಜೋರಾಗುತ್ತದೆ. ಬಳ್ಳಿ ಸವರಿಸಿದರೆ ಬೇಲಿಗೂ ಒಳ್ಳೆಯದು, ರೇಡಿಯೋಗೂ ಒಳ್ಳೆಯದು.

ಕೆಲವು ಸೆಟ್‌ಗಳ ಪರದೆಯಲ್ಲಿ ಎರಡು ಸಣ್ಣ ಅಂಕಿಗಳು ಕಾಣುತ್ತವೆ: ಮೊದಲನೆಯದು ಸಂಕೇತದ ಬಲ, ಎರಡನೆಯದು ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎಷ್ಟು ಮೇಲಿದೆ ಎಂಬುದು. ಸೆಟ್ಟಿಗೆ ಜಾಗ ಹುಡುಕುವಾಗ ಎರಡನೆಯ ಅಂಕಿಯನ್ನೇ ನಂಬಿ. ಮೊದಲನೆಯದು ಗದ್ದಲ ಹೆಚ್ಚಿದರೂ ಏರುತ್ತದೆ.

ಹೊರಗಿನ ಏರಿಯಲ್

ಮರ್ಫಿ, ಬುಷ್ ರೇಡಿಯೋಗಳ ಕಾಲದಲ್ಲಿ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿ ಪಟ್ಟಿಯೊಂದನ್ನು ಕಟ್ಟಿರುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಉಪಾಯ ಇಂದಿಗೂ ನಡೆಯುತ್ತದೆ. ಐದರಿಂದ ಏಳು ಮೀಟರ್ ಉದ್ದದ, ಪ್ಲಾಸ್ಟಿಕ್ ಹೊದಿಕೆಯಿರುವ ತೆಳು ತಂತಿಯನ್ನು ತೆಗೆದುಕೊಂಡು, ಒಂದು ತುದಿಯ ಹೊದಿಕೆ ಸುಲಿದು, ಕ್ಲಿಪ್ಪಿನಿಂದ ಸೆಟ್ಟಿನ ಏರಿಯಲ್ಲಿಗೆ ಕಚ್ಚಿಸಿ. ಹೊರ ಏರಿಯಲ್ಲಿಗೆಂದು ತೂತು ಇದ್ದರೆ ಅದಕ್ಕೆ ಹೊಂದುವ ಪಿನ್ ಹಾಕಿ. ಇನ್ನೊಂದು ತುದಿಯನ್ನು ಕಿಟಕಿಯಾಚೆ, ಮನೆಯ ವೈರಿಂಗ್‌ನಿಂದ ಸಾಧ್ಯವಾದಷ್ಟು ದೂರಕ್ಕೆ, ತೆಂಗಿಗೋ ಅಡಿಕೆ ಮರಕ್ಕೋ ನೈಲಾನ್ ಹಗ್ಗದಿಂದ ಕಟ್ಟಿ. ಅಡಿಕೆ ಮರ ಗಾಳಿಗೆ ಬಹಳ ತೂಗುವುದರಿಂದ ತಂತಿಯನ್ನು ಸಡಿಲವಾಗಿ ಬಿಡಿ. ಗೋಡೆಗಳು ಸಿಮೆಂಟು ಕಬ್ಬಿಣದವಾದ ಫ್ಲಾಟ್‌ಗಳಲ್ಲಿ ಬಾಲ್ಕನಿಯ ಉದ್ದಕ್ಕೆ ಎಳೆದ ನಾಲ್ಕೈದು ಮೀಟರ್ ತಂತಿಯೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ಮೂವತ್ತು ನಲವತ್ತು ಮೀಟರ್ ಎಳೆದರೆ ಇನ್ನೂ ಚೆನ್ನಾದೀತು ಎಂದು ಹಂಬಲಿಸಬೇಡಿ; ಕೈರೇಡಿಯೋಗಳು ಅಷ್ಟು ಸಂಕೇತವನ್ನು ತಾಳಲಾರದೆ ಎಲ್ಲವನ್ನೂ ಕಲಸಿಬಿಡುತ್ತವೆ.

ಮೀಡಿಯಂ ವೇವ್‌ಗೆ ಈ ಏರಿಯಲ್ ನೇರವಾಗಿ ಸಂಬಂಧಪಡುವುದಿಲ್ಲ. ಅದಕ್ಕೆ ಸೆಟ್ಟಿನೊಳಗಿನ ಫೆರೈಟ್ ಸರಳು ಇದೆ. ಸೆಟ್ಟನ್ನೇ ತಿರುಗಿಸಿ ದಿಕ್ಕು ಹೊಂದಿಸಬೇಕು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಯಾರೂ ಕಡೆಗಣಿಸಬಾರದು. ವಿದ್ಯುತ್ ತಂತಿಗಳ ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲಿಯೂ ಏರಿಯಲ್ ಎಳೆಯಬೇಡಿ. ಗಾಳಿಗೆ ತಂತಿ ಹರಿದರೆ ಅದು ಬೀಳುವ ಅಳತೆಯೊಳಗೂ ವಿದ್ಯುತ್ ತಂತಿ ಇರಕೂಡದು. ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಮೊದಲೇ ರೇಡಿಯೋದಲ್ಲಿ ಚಟಪಟ ಸದ್ದು ಶುರುವಾಗುತ್ತದೆ. ಅದು ದೂರದ ಮಿಂಚಿನ ಸದ್ದು. ಆಗಲೇ ತಂತಿಯನ್ನು ಕಳಚಿ ಮನೆಯ ಹೊರಕ್ಕೆ ಹಾಕಿಬಿಡಿ. ಸೆಟ್ ಆರಿಸಿದರೆ ಸಾಕೆಂದುಕೊಳ್ಳಬೇಡಿ. ಒಣಗಾಳಿಯ ದಿನಗಳಲ್ಲಿ ತಂತಿಯಲ್ಲಿ ತಾನಾಗಿ ವಿದ್ಯುತ್ ಶೇಖರಗೊಳ್ಳುವುದರಿಂದ, ಸೆಟ್ಟಿಗೆ ಜೋಡಿಸುವ ಮುನ್ನ ಅದರ ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣಕ್ಕೆ ಒಮ್ಮೆ ಮುಟ್ಟಿಸಿ. ಅಷ್ಟು ಮಾತ್ರದ ಕಿಡಿಯೂ ಸೆಟ್ಟಿನ ಮೊದಲ ಟ್ರಾನ್ಸಿಸ್ಟರನ್ನು ಸುಡಬಲ್ಲದು.

ಯಾವ ನಿಲಯವೆಂದು ಗುರುತಿಸಿ ಬರೆದಿಡುವುದು

ನಿಲಯಗಳು ತಮ್ಮ ಹೆಸರನ್ನು ಸಾಮಾನ್ಯವಾಗಿ ಗಂಟೆಯ ಆರಂಭದಲ್ಲಿ ಅಥವಾ ಅರ್ಧ ಗಂಟೆಗೆ ಹೇಳುತ್ತವೆ. ಪ್ರಸಾರ ಆರಂಭಿಸುವ ಮುನ್ನ ಕೆಲವು ನಿಲಯಗಳು ತಮ್ಮದೇ ಸಂಕೇತ ಸಂಗೀತವನ್ನು ನುಡಿಸುತ್ತವೆ. ಆಕಾಶವಾಣಿಯ ರಾಗವನ್ನು ನಾವು ಯಾರೂ ಗುರುತಿಸದಿರಲಾರೆವು. ಅಂದಹಾಗೆ, 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ನಿಲಯಕ್ಕೆ ಆಕಾಶವಾಣಿ ಎಂಬ ಹೆಸರಿತ್ತು. ಬಳಿಕ ಅದೇ ಹೆಸರು ದೇಶದ ರೇಡಿಯೋಗೂ ಬಂತು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಯುಟಿಸಿ ಸಮಯ, ಕಂಪನಾಂಕ, ಭಾಷೆ, ಕೇಳಿದ ಕಾರ್ಯಕ್ರಮದ ವಿವರ, ಬಳಸಿದ ಏರಿಯಲ್ ಇವನ್ನು ಬರೆಯಿರಿ. ಕೇಳಿದ ಗುಣಮಟ್ಟವನ್ನು ಸಿನ್ಪೋ ಎಂಬ ಐದು ಅಂಕಿಗಳ ಸಂಕೇತದಲ್ಲಿ ಬರೆಯುವುದು ಜಗತ್ತಿನಾದ್ಯಂತ ರೂಢಿ. ಕ್ರಮವಾಗಿ ಸಂಕೇತದ ಬಲ, ಇತರ ನಿಲಯಗಳ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ. ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ, ಐದು ಎಂದರೆ ಅತ್ಯುತ್ತಮ. 45433 ಎಂದು ಬರೆದರೆ, ಸಂಕೇತ ಬಲವಾಗಿತ್ತು, ಬೇರೆ ನಿಲಯದ ಅಡ್ಡಿ ಇರಲಿಲ್ಲ, ಗದ್ದಲ ಅಲ್ಪವಿತ್ತು, ಏರಿಳಿತ ಸಾಧಾರಣವಾಗಿತ್ತು, ಒಟ್ಟಾರೆ ಸಾಧಾರಣ ಎಂದರ್ಥ. ಹದಿನೈದು ಇಪ್ಪತ್ತು ನಿಮಿಷ ಕೇಳಿದ ವಿವರಗಳೊಂದಿಗೆ ಇದನ್ನು ನಿಲಯಕ್ಕೆ ಕಳುಹಿಸಿದರೆ, ನೀವು ಕೇಳಿದ್ದು ನಿಜವೆಂದು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡನ್ನು ಹಲವು ನಿಲಯಗಳು ಇಂದಿಗೂ ಕಳುಹಿಸುತ್ತವೆ. ಚೆನ್ನಾಗಿ ಕೇಳದಿದ್ದರೆ ಹಾಗೆಂದೇ ಬರೆಯಿರಿ. ಪ್ರಸಾರ ಮಾಡುವ ಎಂಜಿನಿಯರುಗಳಿಗೆ ಹೊಗಳಿಕೆಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಪಾಡಿಕೊಳ್ಳುವುದು ಮತ್ತು ಋತುವಿನ ಬದಲಾವಣೆ

ಏರಿಯಲ್ಲನ್ನು ಮಡಚುವಾಗ ತುದಿಯನ್ನು ಹಿಡಿದು ಒಮ್ಮೆಲೇ ಒತ್ತಬೇಡಿ. ಬುಡದ ದಪ್ಪ ಭಾಗದಿಂದ ಆರಂಭಿಸಿ ಒಂದೊಂದೇ ತುಂಡನ್ನು ಒಳಸೇರಿಸಿದರೆ ಅದು ಬಾಗಿ ಮುರಿಯುವುದಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಸೆಟ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಂದಿಗೆ ಇಡಿ. ಎರಡು ಮೂರು ವಾರ ಕೇಳದಿದ್ದರೆ ಸೆಲ್‌ಗಳನ್ನು ಹೊರತೆಗೆಯಿರಿ.

ಶಾರ್ಟ್‌ವೇವ್ ನಿಲಯಗಳು ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು, ತಮ್ಮ ಕಂಪನಾಂಕ ಮತ್ತು ವೇಳೆಯನ್ನು ಬದಲಿಸುತ್ತವೆ. ಹಿಂದಿನ ಸಂಜೆಯವರೆಗೆ ಚೆನ್ನಾಗಿ ಬರುತ್ತಿದ್ದ ನಿಲಯ ಆ ಭಾನುವಾರ ಸಿಗದಿದ್ದರೆ ಅದು ಮುಚ್ಚಿತೆಂದು ಕೈಬಿಡಬೇಡಿ. ಅದೇ ಹೊತ್ತಿಗೆ ಅಕ್ಕಪಕ್ಕದ ಬ್ಯಾಂಡುಗಳಲ್ಲಿ, ಅದೇ ಬ್ಯಾಂಡಿನಲ್ಲಿ ಒಂದು ಗಂಟೆ ಹಿಂದು ಮುಂದಾಗಿ ಹುಡುಕಿ, ಸಿಕ್ಕಿದ ಹೊಸ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮೆಮೊರಿಯಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಿಕೊಳ್ಳಿ.